ತೆಂಗಿನ ಗರಿಯ ಹಸಿರು: ಫಿಲ್ಮ್ ಕ್ಯಾಮೆರಾದಲ್ಲಿ ಪೋಲರೈಸರ್ ಬಳಸುವ ಬಗೆ

ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ತೆಂಗಿನ ತೋಟದೊಳಗೆ ನಿಂತು ಒಂದೇ ಒಂದು ಗರಿಯನ್ನು ನೋಡಿ. ತೆಂಗಿನ ಗರಿ ಹಸಿರು ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ಅದನ್ನು ಹಸಿರೆಂದೇ ನೋಡುತ್ತೇವೆ. ಫಿಲ್ಮಿಗೆ ಹಾಗೆ ಮೊದಲೇ ಏನೂ ಗೊತ್ತಿರುವುದಿಲ್ಲ. ಎಲೆಯ ಮೇಣದಂಥ ಮೈಮೇಲೆ ಬಿದ್ದು ಜಾರಿ ಬರುವ ಬೆಳ್ಳನೆಯ ಹೊಳಪನ್ನು ಅದು ಇದ್ದಂತೆಯೇ ಬರೆದುಕೊಳ್ಳುತ್ತದೆ. ರೋಲ್ ತೊಳೆದು ಕೈಗೆ ಬಂದಾಗ ತೋಟವೆಲ್ಲ ಬಿಳಿಚಿಕೊಂಡಿರುತ್ತದೆ.

ಈಗ ಕಣ್ಣಿಗೂ ಆ ಗರಿಗೂ ನಡುವೆ ಒಂದು ಪೋಲರೈಸಿಂಗ್ ಫಿಲ್ಟರ್ (ಪೋಲರೈಸರ್ ಎಂದರೂ ಇದೇ, ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಗಾಜು) ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಹೊಳಪು ಹೊದಿಕೆ ಎಳೆದಂತೆ ಸರಿದು, ಎಲೆಯ ನಿಜವಾದ ಬಣ್ಣ, ನಡುವಿನ ಕಡ್ಡಿ, ತುದಿಯಲ್ಲಿ ಒಣಗಿದ ಕಂದು ಎಲ್ಲವೂ ಎದ್ದು ಕಾಣುತ್ತವೆ. ಇನ್ನೂ ಕಾಲು ಸುತ್ತು ತಿರುಗಿಸಿದರೆ ಹೊಳಪು ಮರಳಿ ಬರುತ್ತದೆ. ಕ್ಯಾಮೆರಾಕ್ಕೆ ಹಾಕುವ ಮುನ್ನ ಈ ಗಾಜನ್ನು ಬರಿಗೈಯಲ್ಲಿ ಹಿಡಿದು ಒಂದು ವಾರ ಹೀಗೆ ಸುಮ್ಮನೆ ನೋಡುತ್ತಾ ಓಡಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದಕ್ಕೆ ಫಿಲ್ಮ್ ಖರ್ಚಾಗುವುದಿಲ್ಲ, ಕಲಿಯುವುದೋ ಬೇಕಾದಷ್ಟಿದೆ.

ಬೇರೆ ಫಿಲ್ಟರ್‌ಗಳ ಕೆಲಸವನ್ನು ಸ್ವಲ್ಪ ಮಟ್ಟಿಗೆ ಸ್ಕ್ಯಾನ್ ಮಾಡಿದ ಮೇಲೂ ಮಾಡಿಕೊಳ್ಳಬಹುದು. ಬಣ್ಣ ಬೆಚ್ಚಗಾಗಿಸಬಹುದು, ತಂಪಾಗಿಸಬಹುದು. ಪೋಲರೈಸರ್ ಕೆಲಸಕ್ಕೆ ಆಮೇಲೆ ಎಂಬುದಿಲ್ಲ. ಹೊಳಪಿನ ಕೆಳಗೆ ಮುಚ್ಚಿಹೋದ ಎಲೆ ನೆಗೆಟಿವ್‌ನಲ್ಲಿ ದಾಖಲೇ ಆಗಿರುವುದಿಲ್ಲ. ಇಲ್ಲದ್ದನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು?

ಗಾಜಿನೊಳಗೆ ನಡೆಯುವುದೇನು

ಬೆಳಕು ಒಂದು ಅಲೆ. ಸೂರ್ಯನಿಂದ ನೇರವಾಗಿ ಬರುವ ಬೆಳಕು ತಾನು ಸಾಗುವ ದಾರಿಗೆ ಅಡ್ಡಡ್ಡಲಾಗಿ ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತಿರುತ್ತದೆ. ನೀರು, ಗಾಜು, ಎಲೆ, ಬಣ್ಣ ಬಳಿದ ಮೈ, ಹೀಗೆ ಲೋಹವಲ್ಲದ ನುಣುಪಾದ ಮೇಲ್ಮೈಗೆ ಓರೆಯಾಗಿ ತಾಗಿ ಪ್ರತಿಫಲಿಸಿದಾಗ ಆ ಕಂಪನ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸೀಮಿತವಾಗುತ್ತದೆ. ಇದೇ ಧ್ರುವೀಕರಣ. ಪೋಲರೈಸರ್ ಒಂದು ದಿಕ್ಕಿನ ಕಂಪನವನ್ನು ಒಳಕ್ಕೆ ಬಿಡುತ್ತದೆ, ಅದಕ್ಕೆ ಅಡ್ಡಲಾಗಿರುವುದನ್ನು ತಡೆಯುತ್ತದೆ. ಕಿಟಕಿಯ ನಿಲುಗಂಬಿಗಳ ನಡುವೆ ಉದ್ದನೆಯ ಕೋಲನ್ನು ತೂರಿಸುವುದನ್ನು ನೆನೆಸಿಕೊಳ್ಳಿ: ನೆಟ್ಟಗೆ ಹಿಡಿದರೆ ಒಳಗೆ ಹೋಗುತ್ತದೆ, ಅಡ್ಡ ಹಿಡಿದರೆ ತಡೆಯುತ್ತದೆ.

ಇದನ್ನು ಮೊದಲು ಗಮನಿಸಿದ್ದು ಕೂಡ ಒಂದು ಕಿಟಕಿಯ ಹೊಳಪಿನಲ್ಲೇ. 1808ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಮಾಲೂಸ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸುತ್ತಿದ್ದ ಇಳಿಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡುತ್ತಾ, ಹರಳು ತಿರುಗಿಸಿದಂತೆ ಬಿಂಬ ಮಂಕಾಗುವುದನ್ನು ಕಂಡರು. ನಮಗೆ ಇನ್ನೂ ಹತ್ತಿರದ ಉದಾಹರಣೆ ಸರ್ ಸಿ. ವಿ. ರಾಮನ್ ಅವರದು. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುವಾಗ ಅವರು ಸಮುದ್ರವನ್ನು ನಿಕೋಲ್ ಪ್ರಿಸಮ್ ಎಂಬ ಪುಟ್ಟ ಧ್ರುವೀಕಾರಕದ ಮೂಲಕ ನೋಡಿದರು. ನೀರಿನ ಮೇಲಿನ ಆಕಾಶದ ಪ್ರತಿಫಲನವನ್ನು ಹೀಗೆ ಅಳಿಸಿಬಿಟ್ಟರೂ ಸಮುದ್ರದ ನೀಲಿ ಉಳಿಯಿತು. ಹಾಗಾದರೆ ಆ ನೀಲಿ ಆಕಾಶದಿಂದ ಸಾಲ ತಂದದ್ದಲ್ಲ, ನೀರಿನದೇ ಎಂದು ಅವರು ತೋರಿಸಿದರು. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ನಾವು ಫಿಲ್ಟರ್ ತಿರುಗಿಸುವಾಗ ಮಾಡುವುದೂ ಅದೇ ಕೆಲಸ.

ಲೀನಿಯರ್ ಕೊಳ್ಳಬೇಕೋ, ಸರ್ಕ್ಯುಲರ್ ಕೊಳ್ಳಬೇಕೋ

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಲೀನಿಯರ್ ಎಂದರೆ ಬರಿಯ ಧ್ರುವೀಕರಣದ ಹಾಳೆ. ಸರ್ಕ್ಯುಲರ್ ಎಂದರೆ ಅದೇ ಹಾಳೆಯ ಹಿಂದೆ ಇನ್ನೊಂದು ತೆಳುಪದರ. ಆಯ್ದು ಬಿಟ್ಟ ಬೆಳಕನ್ನು ಅದು ಮತ್ತೆ ಸುತ್ತುವ ಕಂಪನವಾಗಿ ಬದಲಿಸಿ ಕ್ಯಾಮೆರಾದೊಳಕ್ಕೆ ಕಳಿಸುತ್ತದೆ. ಫಿಲ್ಮ್ ಮೇಲೆ ಬೀಳುವ ಚಿತ್ರದಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕ್ಯಾಮೆರಾದ ಲೈಟ್ ಮೀಟರ್ ಮತ್ತು ಆಟೊಫೋಕಸ್‌ಗೆ. ಕೆಲವು ಕ್ಯಾಮೆರಾಗಳ ಕನ್ನಡಿ ಅರೆಪಾರದರ್ಶಕ; ಅದು ಬೆಳಕಿನ ಒಂದು ಪಾಲನ್ನು ಸೀಳಿ ಮೀಟರಿಗೆ ಕೊಡುತ್ತದೆ. ಲೀನಿಯರ್ ಫಿಲ್ಟರಿನಿಂದ ಬಂದ ಬೆಳಕನ್ನು ಅಂಥ ಕನ್ನಡಿ ಸರಿಯಾಗಿ ಹಂಚಲಾರದು, ಮೀಟರ್ ತಪ್ಪು ಹೇಳುತ್ತದೆ.

ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ ಮತ್ತು ಎಫ್‌ಎಂ2, ಕ್ಯಾನನ್ ಎಇ-1, ಒಲಿಂಪಸ್ ಒಎಂ-1 ಇವುಗಳಿಗೆ ಲೀನಿಯರ್ ಸಾಕು. ನಿಕಾನ್ ಎಫ್3, ಕ್ಯಾನನ್ ಎಫ್-1 ಇವಕ್ಕೆ ಸರ್ಕ್ಯುಲರ್ ಬೇಕು. 1985ರ ಮಿನೋಲ್ಟಾ 7000ರಿಂದ ಈಚೆಗೆ ಬಂದ ಆಟೊಫೋಕಸ್ ಎಸ್‌ಎಲ್‌ಆರ್‌ಗಳಿಗೆಲ್ಲ (ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾಗಳು) ಸರ್ಕ್ಯುಲರ್. ನಿಮ್ಮದು ಯಾವ ಗುಂಪು ಎಂದು ಗೊತ್ತಾಗದಿದ್ದರೆ ಸರ್ಕ್ಯುಲರ್ ಕೊಳ್ಳಿ, ಅದು ಎಲ್ಲದರಲ್ಲೂ ನಡೆಯುತ್ತದೆ. ನಿಮ್ಮ ಹಳೆಯ ಚೀಲದಲ್ಲಿ ಈಗಾಗಲೇ ಲೀನಿಯರ್ ಇದ್ದರೆ ಅದನ್ನು ಎಸೆಯಬೇಡಿ. ಕೆ1000ನಂಥ ಕ್ಯಾಮೆರಾಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಅಂಚಿನ ಅಕ್ಷರ ಅಳಿಸಿಹೋದ ಹಳೆಯ ಫಿಲ್ಟರ್ ಯಾವ ಬಗೆ ಎಂದು ತಿಳಿಯಲು ಮನೆಯ ಕನ್ನಡಿ ಸಾಕು. ಲೆನ್ಸಿಗೆ ತಿರುಪು ಹಾಕುವ ಬದಿ ಕನ್ನಡಿಯ ಕಡೆಗಿರುವಂತೆ ಫಿಲ್ಟರನ್ನು ಒಂದು ಕಣ್ಣಿನ ಮುಂದೆ ಹಿಡಿದು, ಅದರ ಮೂಲಕವೇ ಕನ್ನಡಿಯಲ್ಲಿರುವ ಅದರ ಬಿಂಬವನ್ನು ನೋಡಿ. ಬಿಂಬದಲ್ಲಿನ ಗಾಜು ಕಪ್ಪಾಗಿ, ನಿಮ್ಮ ಕಣ್ಣು ಕಾಣದಿದ್ದರೆ ಸರ್ಕ್ಯುಲರ್. ಫಿಲ್ಟರನ್ನು ಹಿಂದುಮುಂದಾಗಿ ಹಿಡಿದರೆ ಕಣ್ಣು ಮತ್ತೆ ಕಾಣುತ್ತದೆ. ಎರಡೂ ಕಡೆಯಿಂದ ತಿಳಿಯಾಗಿಯೇ ಕಂಡರೆ ಲೀನಿಯರ್.

ಅಳತೆಯ ವಿಷಯ ಚಿಕ್ಕದು. ಹಳೆಯ ಪೆಂಟ್ಯಾಕ್ಸ್ ಲೆನ್ಸುಗಳಲ್ಲಿ 49 ಮಿ.ಮೀ., ನಿಕಾನ್ ಮತ್ತು ಕ್ಯಾನನ್ ಎಫ್‌ಡಿ ಲೆನ್ಸುಗಳಲ್ಲಿ 52 ಮಿ.ಮೀ. ಹೆಚ್ಚು. ಇರುವ ಲೆನ್ಸುಗಳಲ್ಲಿ ದೊಡ್ಡದಕ್ಕೆ ಒಂದೇ ಒಂದು ಒಳ್ಳೆಯ ಫಿಲ್ಟರ್ ಕೊಂಡು, ಉಳಿದವಕ್ಕೆ ಅಗ್ಗದ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ಹಾಕಿಕೊಳ್ಳುವುದು ಜಾಣತನ. ಹಳೆಯ ಮಾಲು ಕೊಳ್ಳುವುದಾದರೆ ಬಿಳಿ ಕಾಗದದ ಮೇಲಿಟ್ಟು ನೋಡಿ. ಗಾಜು ಸಮನಾದ ಬೂದುಬಣ್ಣ ಇರಬೇಕು. ಕಂದು ಛಾಯೆ ಬಂದಿದ್ದರೆ, ಅಂಚಿನಲ್ಲಿ ಪದರ ಬಿಟ್ಟು ಕಾಮನಬಿಲ್ಲಿನಂಥ ಉಂಗುರಗಳೆದ್ದಿದ್ದರೆ ಬೇಡ.

ಮೊದಲು ಒಂದು ಚುಕ್ಕೆ ಇಡಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಿಟಕಿಯ ಬೆಳಕು ಬಿದ್ದು ಥಳಥಳಿಸುವ ರೆಡ್‌ಆಕ್ಸೈಡ್ ನೆಲವೋ ಒದ್ದೆ ಅಂಗಳವೋ ಹುಡುಕಿ. ನೆಲದ ಮೇಲೆ ನಿಮ್ಮಿಂದ ಎರಡು ಮೀಟರ್ ದೂರದ ಹೊಳಪನ್ನು ಫಿಲ್ಟರ್ ಮೂಲಕ ನೋಡುತ್ತಾ ಹೊರಗಿನ ಉಂಗುರವನ್ನು ತಿರುಗಿಸಿ. ಹೊಳಪು ಪೂರ್ತಿ ಅಡಗಿದ ಕ್ಷಣಕ್ಕೆ ನಿಲ್ಲಿಸಿ, ತಿರುಗುವ ಉಂಗುರದ ನೆತ್ತಿಯ ಮೇಲೆ ಬಿಳಿ ಉಗುರುಬಣ್ಣದಿಂದ ಒಂದು ಚುಕ್ಕೆ ಇಡಿ. ಕೆಲವು ಫಿಲ್ಟರ್‌ಗಳಲ್ಲಿ ತಯಾರಕರೇ ಗುರುತು ಹಾಕಿರುತ್ತಾರೆ. ಆದರೂ ನಾನು ನನ್ನ ಕಣ್ಣೆದುರು ಇಟ್ಟ ಚುಕ್ಕೆಯನ್ನೇ ನಂಬುತ್ತೇನೆ.

ಆ ಚುಕ್ಕೆಗೆ ಮೂರು ನಿಲುವುಗಳಿವೆ. ನೀರು, ನೆಲ, ಮೇಜಿನಂಥ ಮಲಗಿದ ಮೈಯ ಹೊಳಪು ತೆಗೆಯಬೇಕಾದರೆ ಚುಕ್ಕೆ ಮೇಲಕ್ಕೆ. ಅಂಗಡಿಯ ಗಾಜು, ಗೋಡೆಯ ಚೌಕಟ್ಟಿನಂಥ ನಿಂತ ಮೈಯನ್ನು ಪಕ್ಕದಿಂದ ತೆಗೆಯುವುದಾದರೆ ಚುಕ್ಕೆ ಪಕ್ಕಕ್ಕೆ, ಮೂರು ಗಂಟೆಯ ಮುಳ್ಳಿನಂತೆ. ಆಕಾಶವನ್ನು ಗಾಢವಾಗಿಸಬೇಕಾದರೆ ಚುಕ್ಕೆ ಸೂರ್ಯನ ಕಡೆಗೆ. ಇಷ್ಟು ಗೊತ್ತಿದ್ದರೆ ವ್ಯೂಫೈಂಡರ್ ಇಲ್ಲದೆಯೂ ಫಿಲ್ಟರ್ ಹೊಂದಿಸಬಹುದು. ಅರ್ಧ ಸುತ್ತು ತಿರುಗಿದರೆ ಪರಿಣಾಮ ಮೊದಲಿನದೇ ಆಗಿರುವುದರಿಂದ ಚುಕ್ಕೆ ಮೇಲಿದ್ದರೂ ಒಂದೇ, ಕೆಳಗಿದ್ದರೂ ಒಂದೇ.

ಹಾಕುವುದು, ತಿರುಗಿಸುವುದು

ಲೆನ್ಸಿನ ಮೇಲೆ ಯುವಿ ಫಿಲ್ಟರ್ ಇದ್ದರೆ ಮೊದಲು ಅದನ್ನು ಬಿಚ್ಚಿ. ಒಂದರ ಮೇಲೊಂದು ಗಾಜು ಹಾಕಿದರೆ ವೈಡ್ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ, ಎರಡು ಉಂಗುರಗಳು ಕಚ್ಚಿಕೊಂಡು ಬಿಡಿಸಲಾಗದಂತೆಯೂ ಆಗುತ್ತದೆ. ಪೋಲರೈಸರನ್ನು ಹಗುರವಾಗಿ ತಿರುಪಿ, ಬಿಗಿಯಬೇಡಿ.

ಆಮೇಲೆ ಮೊದಲು ಫೋಕಸ್ ಮಾಡಿ. ಇದರ ಕ್ರಮ ತಪ್ಪಿಸಬಾರದು. ಹಳೆಯ ಜೂಮ್ ಲೆನ್ಸುಗಳಲ್ಲಿ ಬಹಳಷ್ಟು ಫೋಕಸ್ ಮಾಡುವಾಗ ಮುಂಭಾಗವೂ ಜೊತೆಯಲ್ಲೇ ತಿರುಗುತ್ತದೆ. ಮೊದಲೇ ಪೋಲರೈಸರ್ ಹೊಂದಿಸಿಟ್ಟಿದ್ದರೆ ಫೋಕಸ್ ಮುಗಿಯುವಷ್ಟರಲ್ಲಿ ಅದು ಎಲ್ಲೋ ಹೋಗಿರುತ್ತದೆ. ಗಾಜು ಬೆಳಕನ್ನು ತಗ್ಗಿಸುವುದರಿಂದ ವ್ಯೂಫೈಂಡರ್ ಸ್ವಲ್ಪ ಕತ್ತಲಾಗುತ್ತದೆ. ನಡುವಿನ ಸೀಳುಬಿಂಬದಲ್ಲಿ (ಫೋಕಸ್ ತಪ್ಪಿದಾಗ ಚಿತ್ರ ಎರಡು ತುಂಡಾಗಿ ಕಾಣುವ ವೃತ್ತ) ಫೋಕಸ್ ಕಷ್ಟವಾದರೆ ಹೆಚ್ಚು ಬೆಳಕಿರುವ ಅಂಚನ್ನು ಹುಡುಕಿ ಅಲ್ಲಿ ಫೋಕಸ್ ಮಾಡಿಕೊಳ್ಳಿ.

ಫೋಕಸ್ ಆದ ಮೇಲೆ ಕಣ್ಣು ತೆಗೆಯದೆ ಹೊರ ಉಂಗುರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ತಿರುಗಿಸುವಾಗ ಫಿಲ್ಟರ್ ಬಿಗಿಯಾಗುವ ದಿಕ್ಕಿನಲ್ಲೇ ತಿರುಗಿಸಬೇಕು, ಇಲ್ಲವಾದರೆ ತಿಳಿಯದಂತೆ ಸಡಿಲವಾಗಿ ಕಳಚಿ ಬೀಳುತ್ತದೆ. ಒಂದು ಸುತ್ತಿನಲ್ಲಿ ಪರಿಣಾಮ ಎರಡು ಸಲ ತುದಿ ಮುಟ್ಟಿ ಎರಡು ಸಲ ಇಲ್ಲವಾಗುತ್ತದೆ. ಪೂರ್ತಿ ಹೊಳಪು ಹೋದ ನಿಲುವನ್ನು ಕಂಡುಕೊಂಡ ಮೇಲೆ ಅಲ್ಲೇ ನಿಲ್ಲಿಸಬೇಕು ಎಂದೇನಿಲ್ಲ. ಸ್ವಲ್ಪ ಹಿಂದಕ್ಕೆ ಬನ್ನಿ. ನೀರಿಗೆ ಒಂದಿಷ್ಟು ಹೊಳಪಿದ್ದರೇ ಅದು ನೀರು. ಎಲ್ಲವನ್ನೂ ಒರೆಸಿಬಿಟ್ಟರೆ ಕೊಳದ ತಳ ನೆಲದಂತೆ ಕಾಣುತ್ತದೆ. ಆರಂಭದಲ್ಲಿ ನಾನು ಪ್ರತಿ ಸಲವೂ ತುದಿಗೇ ಹೋಗಿ ನಿಲ್ಲುತ್ತಿದ್ದೆ. ಆ ಕಾಲದ ನನ್ನ ಪ್ರಿಂಟ್‌ಗಳಲ್ಲಿ ಕೆರೆಗಳಿವೆ, ನೀರು ಕಾಣುವುದಿಲ್ಲ.

ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಫಿಲ್ಟರೂ ಕಾಲು ಸುತ್ತು ತಿರುಗಿತು ಎಂದೇ ಅರ್ಥ. ಹೊಸದಾಗಿ ಹೊಂದಿಸಲೇಬೇಕು. ಈ ಒಂದನ್ನು ಮರೆತು ಹಾಳಾದ ಫ್ರೇಮುಗಳೇ ಹೆಚ್ಚು.

ಆಕಾಶ

ನೀಲಿ ಆಕಾಶದ ಬೆಳಕು ಗಾಳಿಯ ಅಣುಗಳಿಂದ ಚದುರಿ ಬರುವಾಗಲೇ ಧ್ರುವೀಕರಣಗೊಂಡಿರುತ್ತದೆ. ಅದು ಎಲ್ಲ ಕಡೆ ಒಂದೇ ಸಮನಾಗಿಲ್ಲ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು, ಸೂರ್ಯನ ಬಳಿ ಮತ್ತು ಸೂರ್ಯನಿಗೆ ನೇರ ಎದುರಿನಲ್ಲಿ ಅತಿ ಕಡಿಮೆ. ತೋರುಬೆರಳನ್ನು ಸೂರ್ಯನ ಕಡೆಗೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿದು ಮುಂಗೈಯನ್ನು ತಿರುಗಿಸಿ. ಹೆಬ್ಬೆರಳು ತೋರಿಸುತ್ತಾ ಹೋಗುವ ಪಟ್ಟಿಯಲ್ಲಿ ಆಕಾಶ ಚೆನ್ನಾಗಿ ಗಾಢವಾಗುತ್ತದೆ.

ಬೆಳಿಗ್ಗೆ ಮತ್ತು ಸಂಜೆ ಆ ಪಟ್ಟಿ ಉತ್ತರದಿಂದ ನಡುನೆತ್ತಿಯ ಮೂಲಕ ದಕ್ಷಿಣಕ್ಕೆ ಕಮಾನಿನಂತೆ ಹಾದುಹೋಗುತ್ತದೆ. ಆ ಹೊತ್ತಿನಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ನಿಂತರೆ ಲಾಭ. ನಡುಮಧ್ಯಾಹ್ನದ ಕತೆ ಬೇರೆ. ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ಶೂನ್ಯ ನೆರಳಿನ ದಿನಗಳು. ಸೂರ್ಯ ಅಷ್ಟು ಎತ್ತರದಲ್ಲಿದ್ದಾಗ ಗಾಢವಾಗುವ ಪಟ್ಟಿ ಕೆಳಗಿಳಿದು ಸುತ್ತಲೂ ದಿಗಂತದ ಮೇಲೆ ಕುಳಿತುಕೊಳ್ಳುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ಫಿಲ್ಟರ್ ಕೆಲಸ ಮಾಡುತ್ತದೆ. ಮಧ್ಯಾಹ್ನ ಫೋಟೊ ತೆಗೆಯಬಾರದು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಪೋಲರೈಸರ್ ಕೈಯಲ್ಲಿದ್ದರೆ ಅದನ್ನು ಅಷ್ಟೊಂದು ಕಟ್ಟುನಿಟ್ಟಾಗಿ ಪಾಲಿಸಬೇಕಾಗಿಲ್ಲ.

ಮೋಡ ಮುಚ್ಚಿದ ಆಕಾಶಕ್ಕೆ, ಬೇಸಿಗೆಯ ದೂಳು ತುಂಬಿದ ಬಿಳಿ ಆಕಾಶಕ್ಕೆ ಈ ಫಿಲ್ಟರ್ ಏನನ್ನೂ ಮಾಡಲಾರದು. ಮಳೆ ಹಿಂದೆ ಸರಿದು ಗಾಳಿ ತೊಳೆದಿಟ್ಟಂತಾಗುವ ದಿನಗಳೇ ಅದರ ಸುಗ್ಗಿ. ಆಗ ಬಿಳಿ ಮೋಡಗಳು ನೀಲಿಯಿಂದ ಬೇರೆಯಾಗಿ ಉಬ್ಬಿ ನಿಲ್ಲುತ್ತವೆ.

ವೈಡ್ ಲೆನ್ಸ್ ಇದ್ದವರು ಎಚ್ಚರದಿಂದಿರಬೇಕು. 50 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ, 24 ಮಿ.ಮೀ. ಸುಮಾರು 74 ಡಿಗ್ರಿ. ಅಷ್ಟು ಅಗಲದೊಳಗೆ ಆಕಾಶದ ಧ್ರುವೀಕರಣ ಏರಿ ಇಳಿಯುವುದರಿಂದ ನಡುವೆ ಗಾಢ ನೀಲಿಯ ಕಲೆಯೊಂದು ಮೂಡುತ್ತದೆ. ಹಂಪಿಯ ಮಾತಂಗ ಬೆಟ್ಟದ ಮೇಲಿಂದ 24 ಮಿ.ಮೀ. ಲೆನ್ಸಿನಲ್ಲಿ ನಾನು ತೆಗೆದ ಸ್ಲೈಡುಗಳಲ್ಲಿ ಆಕಾಶದ ನಡುಭಾಗ ಶಾಯಿ ಚೆಲ್ಲಿದಂತಾಗಿತ್ತು, ಎರಡು ಬದಿ ಬಿಳಿಚಿದ್ದವು. ವ್ಯೂಫೈಂಡರಿನಲ್ಲಿ ಅದು ಕಂಡಿರಲೇಬೇಕು. ಬಂಡೆಗಳ ಮೇಲೇ ಕಣ್ಣಿಟ್ಟಿದ್ದ ನಾನು ಗಮನಿಸಲಿಲ್ಲ. ಈಗ 28 ಮಿ.ಮೀ.ಗಿಂತ ಅಗಲದ ಲೆನ್ಸಿನಲ್ಲಿ ತೆರೆದ ಆಕಾಶವಿದ್ದರೆ ಪೋಲರೈಸರ್ ಬಿಚ್ಚಿಯೇ ಇಡುತ್ತೇನೆ.

ನೀರು, ಗಾಜು, ಕಲ್ಲು

ಪ್ರತಿಫಲನ ಪೂರ್ತಿ ಅಡಗುವುದು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ. ನೀರಿಗೆ ಅದು ಮೇಲ್ಮೈಯಿಂದ ಸುಮಾರು 37 ಡಿಗ್ರಿ, ಗಾಜಿಗೆ ಸುಮಾರು 34. ಲೆಕ್ಕಕ್ಕೆ ಇಳಿಸಿದರೆ, ನಿಮ್ಮ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದಾಗ ಸರಿಯಾಗಿ ಎರಡು ಮೀಟರ್ ಮುಂದಿನ ನೀರು ಅತ್ಯಂತ ತಿಳಿಯಾಗಿ ಕಾಣುತ್ತದೆ. ಕಾಲ ಬುಡದ ನೀರಿನಲ್ಲೂ ದೂರದ ನೀರಿನಲ್ಲೂ ಪರಿಣಾಮ ಕಡಿಮೆ. ಫಿಲ್ಟರ್ ಸಾಲದು ಅನ್ನಿಸಿದರೆ ಅದನ್ನು ಮತ್ತೆ ಮತ್ತೆ ತಿರುಗಿಸುತ್ತಾ ಕೂರಬೇಡಿ. ಒಂದು ಮೆಟ್ಟಿಲು ಹತ್ತಿ ಅಥವಾ ಇಳಿಯಿರಿ.

ಮೇಲುಕೋಟೆಯ ಕಲ್ಯಾಣಿ ಇದನ್ನು ಕಲಿಯಲು ಒಳ್ಳೆಯ ಜಾಗ. ಕೆಳಗೆ ನೀರು, ಸುತ್ತ ಮೆಟ್ಟಿಲು ಮತ್ತು ಮಂಟಪಗಳು, ಮೇಲೆ ಯೋಗನರಸಿಂಹನ ಬೆಟ್ಟ, ಅದರ ಹಿಂದೆ ಆಕಾಶ. ಬೆಳಗಿನ ಸೂರ್ಯ ನಿಮ್ಮ ಬಲಕ್ಕಿದ್ದಾನೆ ಎಂದುಕೊಳ್ಳಿ. ಆಕಾಶ ಗಾಢವಾಗಬೇಕಾದರೆ ಚುಕ್ಕೆ ಬಲಕ್ಕೆ, ನೀರಿನ ಮೇಲಿನ ಮಂಟಪದ ಬಿಂಬ ಅಳಿಯಬೇಕಾದರೆ ಚುಕ್ಕೆ ಮೇಲಕ್ಕೆ. ಎರಡೂ ಒಟ್ಟಿಗೆ ಆಗುವುದಿಲ್ಲ, ಒಂದನ್ನು ಆರಿಸಬೇಕು. ನಾನಾದರೆ ಬೆಳಿಗ್ಗೆ ಆಕಾಶವನ್ನು ಆರಿಸಿ ಬಿಂಬವನ್ನು ಉಳಿಸಿಕೊಳ್ಳುತ್ತೇನೆ. ನಿಂತ ನೀರಿನಲ್ಲಿ ಮಂಟಪ ತಲೆಕೆಳಗಾಗಿ ಕಾಣುವುದೇ ಆ ಹೊತ್ತಿನ ಚೆಲುವು. ಸೂರ್ಯ ನೆತ್ತಿಗೇರಿದ ಮೇಲೆ ಚುಕ್ಕೆ ಮೇಲಿದ್ದರೆ ಎರಡೂ ಕೆಲಸ ಒಟ್ಟಿಗೇ ಆಗುತ್ತವೆ: ದಿಗಂತದ ನೀಲಿಯೂ ಗಾಢ, ನೀರೊಳಗಿನ ಮುಳುಗಿದ ಮೆಟ್ಟಿಲುಗಳೂ ಸ್ಪಷ್ಟ. ಒಂದೇ ದಿನ ಎರಡು ಹೊತ್ತಿನಲ್ಲಿ ಒಂದೇ ಜಾಗದಿಂದ ತಲಾ ಎರಡು ಫ್ರೇಮ್ ತೆಗೆದು ನೋಡಿ, ಎಷ್ಟು ಓದಿದರೂ ತಿಳಿಯದ್ದು ತಿಳಿಯುತ್ತದೆ.

ಗಾಜಿನ ಮುಂದೆ ನೇರವಾಗಿ ನಿಂತರೆ ಪೋಲರೈಸರ್ ವ್ಯರ್ಥ. ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿರುವ ಅಜ್ಜ ಅಜ್ಜಿಯ ಹಳೆಯ ಫೋಟೊವನ್ನು ಪ್ರತಿ ಮಾಡಿಕೊಳ್ಳಬೇಕೆಂದಿದ್ದರೆ ಪಕ್ಕಕ್ಕೆ ಸರಿದು ಓರೆಯಾಗಿ ನಿಂತಾಗಷ್ಟೇ ಕಿಟಕಿಯ ಬಿಂಬ ಅಳಿಯುತ್ತದೆ. ಆದರೆ ಹಾಗೆ ನಿಂತರೆ ಚೌಕಟ್ಟು ಸೊಟ್ಟಗೆ ಬರುತ್ತದೆ. ಅಂಥ ಕೆಲಸಕ್ಕೆ ಚೌಕಟ್ಟನ್ನು ಕೆಳಗಿಳಿಸಿ ಗಾಜು ತೆಗೆಯುವುದೇ ಸರಿಯಾದ ದಾರಿ.

ಬೇಲೂರಿನ ಕಡೆದ ಕಂಬಗಳ ನುಣುಪಿನ ಮೇಲೆ ಬಾಗಿಲ ಬೆಳಕು ಬಿದ್ದು ಕೆತ್ತನೆಯ ಗೆರೆಗಳು ಮುಚ್ಚಿಹೋಗುವುದುಂಟು. ಕಂಬದ ಪಕ್ಕಕ್ಕೆ ಸರಿದು ಚುಕ್ಕೆಯನ್ನು ಪಕ್ಕಕ್ಕಿಟ್ಟರೆ ಕಲ್ಲಿನ ಮೈ ತೆರೆದುಕೊಳ್ಳುತ್ತದೆ. ಮಳೆಗಾಲದ ಜೋಗದಲ್ಲಂತೂ ಆಕಾಶ ಪೂರ್ತಿ ಮೋಡವಾಗಿದ್ದರೂ ಫಿಲ್ಟರ್ ಉಪಯುಕ್ತ: ಒದ್ದೆ ಬಂಡೆ, ಒದ್ದೆ ಎಲೆಗಳ ಬೂದು ಹೊಳಪು ಇಳಿದು ಕಾಡಿನ ಹಸಿರು ಮೇಲೆ ಬರುತ್ತದೆ. ಬಿಸಿಲು ಬಂದು ನೀರ್ಹನಿಗಳಲ್ಲಿ ಕಾಮನಬಿಲ್ಲು ಮೂಡಿದರೆ ಜೋಪಾನ. ಕಾಮನಬಿಲ್ಲಿನ ಬೆಳಕೂ ಧ್ರುವೀಕರಣಗೊಂಡದ್ದೇ. ತಪ್ಪು ನಿಲುವಿನಲ್ಲಿ ಫಿಲ್ಟರ್ ಅದನ್ನು ಅಳಿಸಿಬಿಡುತ್ತದೆ, ಸರಿಯಾದ ನಿಲುವಿನಲ್ಲಿ ಇನ್ನೂ ಢಾಳಾಗಿಸುತ್ತದೆ.

ಬರಿ ಲೋಹದ ಹೊಳಪಿಗೆ ಇದು ತಾಗುವುದಿಲ್ಲ. ಹಿತ್ತಾಳೆಯ ಕೊಡ, ಬೆಳ್ಳಿಯ ದೀಪ, ಮೈಮೇಲಿನ ಒಡವೆ ಹೇಗಿದ್ದವೋ ಹಾಗೇ ಹೊಳೆಯುತ್ತವೆ.

ಎಕ್ಸ್‌ಪೋಷರ್ ಲೆಕ್ಕ

ಪೋಲರೈಸರ್ ಸುಮಾರು ಒಂದೂಕಾಲರಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು). ಲೆನ್ಸಿನ ಮೂಲಕವೇ ಅಳೆಯುವ ಮೀಟರ್ ಇದ್ದರೆ ಫಿಲ್ಟರ್ ಹಾಕಿ, ತಿರುಗಿಸಿ, ಆಮೇಲೆ ಅಳೆಯಿರಿ. ಲೆಕ್ಕ ಅದರೊಳಗೇ ಬಂತು. ಕೈಮೀಟರ್ ಬಳಸುವವರು ಫಿಲ್ಟರಿನ ಅಂಚಿನಲ್ಲಿ ಬರೆದ ಗುಣಕವನ್ನು, ಎಂದರೆ ಬೆಳಕು ಎಷ್ಟು ಪಟ್ಟು ಹೆಚ್ಚು ಬೇಕು ಎಂಬುದನ್ನು, ನೋಡಬೇಕು. ಗುಣಕ 2.5 ಇದ್ದರೆ ಐಎಸ್‌ಒ (ಫಿಲ್ಮಿನ ವೇಗ) 400ರ ಫಿಲ್ಮನ್ನು 160 ಎಂದು ಮೀಟರಿಗೆ ಹೇಳಿ. ಗುಣಕ 4 ಎಂದರೆ ಎರಡು ಸ್ಟಾಪ್, ಆಗ 100 ಎಂದು ಹೇಳಿ.

100 ಐಎಸ್‌ಒ ಫಿಲ್ಮಿಗೆ ತುಂಬು ಬಿಸಿಲಿನಲ್ಲಿ ಎಫ್/16, 1/125 ಸೆಕೆಂಡ್ ಎಂಬುದು ನಮಗೆಲ್ಲ ಬಾಯಿಪಾಠ. ಎರಡು ಸ್ಟಾಪ್ ಕಳೆದರೆ ಎಫ್/8, 1/125. ಕೈಯಲ್ಲೇ ಹಿಡಿದು ತೆಗೆಯಲು ತೊಂದರೆಯಿಲ್ಲ. ಅದೇ ಕಾಡಿನೊಳಗೆ, ಮೋಡದ ದಿನ, ಟ್ರೈಪಾಡ್ ಇಲ್ಲದೆ ಆಗುವುದಿಲ್ಲ. ಜಲಪಾತದಲ್ಲಿ ಇದು ವರವೂ ಹೌದು: ಬೆಳಕು ಕಡಿಮೆಯಾದ್ದರಿಂದ ಶಟರ್ ತಾನಾಗಿ ನಿಧಾನವಾಗಿ, ನೀರು ಹತ್ತಿಯ ಎಳೆಗಳಂತೆ ಇಳಿಯುತ್ತದೆ.

ಗಾಢವಾದ ಆಕಾಶವನ್ನು ಮೀಟರ್ ನಡುವಿನಲ್ಲಿಟ್ಟುಕೊಂಡು ಅಳೆಯಬೇಡಿ. ಅದು ಕತ್ತಲೆಂದುಕೊಂಡು ಹೆಚ್ಚು ಬೆಳಕು ಕೊಡುತ್ತದೆ, ಕಷ್ಟಪಟ್ಟು ತಂದ ಗಾಢತೆ ಹೋಗುತ್ತದೆ. ಕಲ್ಲು, ಹುಲ್ಲಿನಂಥ ನಡುಮಟ್ಟದ ಬಣ್ಣವನ್ನು ಅಳೆದುಕೊಳ್ಳಿ.

ತೆಗೆಯುವ ಲೆನ್ಸಿನ ಮೂಲಕ ನೋಡದ ಕ್ಯಾಮೆರಾಗಳಲ್ಲಿ

ಯಾಶಿಕಾ ಎಲೆಕ್ಟ್ರೊ 35ರಂಥ ರೇಂಜ್‌ಫೈಂಡರ್‌ಗಳಲ್ಲಿ ನೋಡುವ ಕಿಟಕಿ ಬೇರೆ, ಲೆನ್ಸ್ ಬೇರೆ. ಫಿಲ್ಟರಿನ ಪರಿಣಾಮ ಕಾಣುವುದೇ ಇಲ್ಲ. ಇಲ್ಲಿ ನಮ್ಮ ಚುಕ್ಕೆ ಕೆಲಸಕ್ಕೆ ಬರುತ್ತದೆ. ಫಿಲ್ಟರನ್ನು ಲೆನ್ಸಿಗೆ ಹಾಕಿ ಚುಕ್ಕೆಯನ್ನು ಮೇಲಕ್ಕೋ ಪಕ್ಕಕ್ಕೋ ಸೂರ್ಯನ ಕಡೆಗೋ ಇಟ್ಟರಾಯಿತು. ಇನ್ನೂ ನಿಖರವಾಗಿ ಬೇಕಾದರೆ ಮೊದಲು ಫಿಲ್ಟರನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿ, ಚುಕ್ಕೆ ಗಡಿಯಾರದ ಎಷ್ಟು ಗಂಟೆಯ ಜಾಗದಲ್ಲಿದೆ ಎಂದು ನೋಡಿಕೊಂಡು, ಲೆನ್ಸಿನ ಮೇಲೂ ಅದೇ ಗಂಟೆಗೆ ತನ್ನಿ. ಒಂದು ಎಚ್ಚರಿಕೆ: ಹಿಂದಿನಿಂದ ನೋಡಿದ ಎರಡು ಗಂಟೆ, ಕ್ಯಾಮೆರಾವನ್ನು ಮುಂದಿನಿಂದ ನೋಡಿದರೆ ಹತ್ತು ಗಂಟೆಯಾಗಿರುತ್ತದೆ.

ಈ ಯಾಶಿಕಾದ ಮೀಟರ್ ಕಣ್ಣು ಲೆನ್ಸಿನಿಂದ ಹೊರಗಿರುವುದರಿಂದ ಎಎಸ್‌ಎ (ಐಎಸ್‌ಒದ ಹಳೆಯ ಹೆಸರು) ಡಯಲನ್ನು ಮೇಲೆ ಹೇಳಿದಂತೆ ತಗ್ಗಿಸಬೇಕು. ಕ್ಯಾನೊನೆಟ್ ಕ್ಯೂಎಲ್17 ಜಿIII, ಒಲಿಂಪಸ್ ಟ್ರಿಪ್ 35 ಇವುಗಳಲ್ಲಿ ಮೀಟರ್ ಲೆನ್ಸಿನ ಉಂಗುರದೊಳಗೇ ಇರುವುದರಿಂದ ಫಿಲ್ಟರ್ ಅದನ್ನೂ ಮುಚ್ಚುತ್ತದೆ, ಬೇರೆ ಲೆಕ್ಕ ಬೇಡ. ಯಾಶಿಕಾ ಮ್ಯಾಟ್‌ನಂಥ ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಫಿಲ್ಟರನ್ನು ಮೊದಲು ಮೇಲಿನ ನೋಟದ ಲೆನ್ಸಿಗೆ ಹಾಕಿ ಹೊಂದಿಸಿ, ಆಮೇಲೆ ಅದೇ ನಿಲುವಿನಲ್ಲಿ ಕೆಳಗಿನ ಲೆನ್ಸಿಗೆ ದಾಟಿಸಿ.

ಯಾವ ಫಿಲ್ಮಿಗೆ ಎಷ್ಟು

ಕೊಡ್ಯಾಕ್ ಗೋಲ್ಡ್ 200, ಎಕ್ಟಾರ್ 100ರಂಥ ಬಣ್ಣದ ನೆಗೆಟಿವ್‌ಗಳು ತಪ್ಪನ್ನು ಸ್ವಲ್ಪ ಸಹಿಸುತ್ತವೆ. ಸ್ಲೈಡ್ ಫಿಲ್ಮ್ ಹಾಗಲ್ಲ. ಅದರಲ್ಲೂ ಫ್ಯೂಜಿ ವೆಲ್ವಿಯಾ 50ರ ಬಣ್ಣ ಮೊದಲೇ ಗಾಢ. ಅದರ ಮೇಲೆ ಪೋಲರೈಸರನ್ನು ತುದಿಯವರೆಗೆ ತಿರುಗಿಸಿದರೆ ಎತ್ತರದ ಜಾಗಗಳಲ್ಲಿ ಆಕಾಶ ಕಪ್ಪಿಗೇ ತಿರುಗುತ್ತದೆ. ವೆಲ್ವಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಗಿಸಬೇಡಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕಪ್ಪು-ಬಿಳುಪಿನಲ್ಲಿ ಪೋಲರೈಸರನ್ನು ಬಳಸುವವರು ಕಡಿಮೆ, ಆದರೆ ಅದರ ಸೊಗಸು ಬೇರೆ. ಕೆಂಪು ಫಿಲ್ಟರ್ ಆಕಾಶವನ್ನು ಕಪ್ಪಾಗಿಸುವಾಗ ಹಸಿರು ಎಲೆಗಳನ್ನೂ ಕಪ್ಪಾಗಿಸುತ್ತದೆ. ಪೋಲರೈಸರ್ ಆಕಾಶವನ್ನಷ್ಟೇ ಇಳಿಸಿ ಎಲೆಯ ಬೂದುಮಟ್ಟವನ್ನು ಹೆಚ್ಚು ಕೆಡಿಸುವುದಿಲ್ಲ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಹಾಕಿ, ಮಳೆ ಬಿಟ್ಟ ಮರುದಿನ, ಹಳದಿ ಫಿಲ್ಟರಿನ ಜೊತೆ ಇದನ್ನೂ ಸೇರಿಸಿ ನೋಡಿ. 400ರ ವೇಗ ಇರುವುದರಿಂದ ಎರಡೂ ಗಾಜು ಸೇರಿ ನುಂಗುವ ಬೆಳಕನ್ನು ತಡೆದುಕೊಳ್ಳಬಹುದು.

ಬಿಚ್ಚಿಡಬೇಕಾದ ಕಡೆ

ವಿಮಾನದ ಕಿಟಕಿಯ ಮೂಲಕ ತೆಗೆಯುವಾಗ ಹಾಕಬೇಡಿ, ಪ್ಲಾಸ್ಟಿಕ್‌ನೊಳಗಿನ ಬಿಗಿತವೆಲ್ಲ ಬಣ್ಣದ ಪಟ್ಟೆಗಳಾಗಿ ಕಾಣುತ್ತದೆ. ಕಾರಿನ ಹಿಂಬದಿಯ ಗಟ್ಟಿ ಗಾಜಿನಲ್ಲೂ ಹಾಗೆಯೇ ಚುಕ್ಕೆಚುಕ್ಕೆ ಕಾಣುತ್ತದೆ. ದೇವಸ್ಥಾನದ ಒಳಗಿನ ದೀಪದ ಬೆಳಕಿನಲ್ಲಿ ಎರಡು ಸ್ಟಾಪ್ ಬಿಟ್ಟುಕೊಡಲು ಯಾರಿಗೂ ಸಾಧ್ಯವಿಲ್ಲ. ಎದುರು ಬೆಳಕಿನಲ್ಲಿ ಸೂರ್ಯನನ್ನೇ ಚೌಕಟ್ಟಿಗೆ ತೆಗೆದುಕೊಳ್ಳುವಾಗ ಇನ್ನೊಂದು ಗಾಜು ಬೇಡದ ಬೆಳಕಿನ ಬಿಂಬಗಳನ್ನಷ್ಟೇ ತರುತ್ತದೆ. ಮದುವೆಯ ಹೊರಾಂಗಣ ಭಾವಚಿತ್ರದಲ್ಲಿ ಬೆವರಿದ ಹಣೆಯ ಹೊಳಪು ತಗ್ಗಿಸಲು ಅರ್ಧದಷ್ಟು ತಿರುಗಿಸುವುದು ಸರಿ. ಪೂರ್ತಿ ತಿರುಗಿಸಿದರೆ ಮುಖದ ಜೀವಕಳೆ ಹೋಗುತ್ತದೆ, ರೇಷ್ಮೆ ಸೀರೆ ಹತ್ತಿಯಂತೆ ಕಾಣತೊಡಗುತ್ತದೆ.

ಜೋಪಾನ

ಈ ಫಿಲ್ಟರ್ ಎಂದರೆ ಎರಡು ಗಾಜುಗಳ ನಡುವೆ ಅಂಟಿಸಿದ ತೆಳು ಹಾಳೆ. ನೀರಿನಲ್ಲಿ ಅದ್ದಿ ತೊಳೆಯಬಾರದು; ಅಂಚಿನಿಂದ ನೀರು ಇಳಿದರೆ ಪದರ ಬಿಡುತ್ತದೆ. ಗಾಳಿ ಊದುವ ರಬ್ಬರ್ ಬಲ್ಬ್, ಆಮೇಲೆ ಬಾಯಿಯ ಹಬೆ, ಮೆತ್ತನೆಯ ಬಟ್ಟೆ ಇಷ್ಟೇ ಸಾಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತರೆ ಅಂಟು ಹಾಳಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಇರುವವರು ಮಳೆಗಾಲದ ನಾಲ್ಕು ತಿಂಗಳು ಅದನ್ನು ಚರ್ಮದ ಚೀಲದಲ್ಲಿ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಪೊಟ್ಟಣ ಬದಲಿಸಿ.

ಅದೇ ಡಬ್ಬಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಕೂಡ ಇರಲಿ. ಫ್ರೇಮ್ ಸಂಖ್ಯೆ, ಹೊತ್ತು, ಸೂರ್ಯ ಯಾವ ಕಡೆ, ಚುಕ್ಕೆ ಎಷ್ಟು ಗಂಟೆಗೆ, ಇಷ್ಟು ಬರೆದುಕೊಂಡರೆ ಸಾಕು. ಫಿಲ್ಮಿನಲ್ಲಿ ಇದನ್ನೆಲ್ಲ ಬೇರೆ ಯಾರೂ ನಿಮಗಾಗಿ ಬರೆದಿಡುವುದಿಲ್ಲ. ಮೂರು ವಾರದ ನಂತರ ಲ್ಯಾಬಿನಿಂದ ಪ್ರಿಂಟ್ ಬಂದಾಗ ಹದಿನೇಳನೆಯ ಫ್ರೇಮಿನ ನೀರು ಏಕೆ ಅಷ್ಟು ತಿಳಿಯಾಗಿದೆ ಎಂದು ಆ ಪುಟ ಹೇಳುತ್ತದೆ.